ಬಲಕ್ಕೆ ಬಿದ್ದ ಎಸಳು

ಗೋವೆಯ ಫುಟ್‌ಬಾಲ್ ತಂಡ ರೇಂಜರ್ಸ್ ಈ ಸಲ ಪ್ಲೇಆಫ್‌ಗೆ ಬರುವುದಿಲ್ಲ ಎನ್ನುವುದಕ್ಕೆ ದಿವಾಕರನ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು. ಬೆಳಿಗ್ಗೆ ಎದ್ದಾಗಿನಿಂದ ಅವನು ಅವನ್ನೇ ಜಪದ ಹಾಗೆ ಹೇಳಿಕೊಳ್ಳುತ್ತಿದ್ದ. ಗೋಲು ಹೊಡೆಯುತ್ತಿದ್ದ ಫ್ರೆನ್ಸನ್‌ನನ್ನು ಕೋಲ್ಕತ್ತಾದವರು ಎತ್ತಿಕೊಂಡು ಹೋದರು. ಡಿಫೆನ್ಸಿನ ಮಾರಿಯೋನ ಮಂಡಿ ಹೋಗಿ ವರ್ಷವಾಯಿತು; ಅವನು ಹಿಂದಕ್ಕೆ ತಿರುಗುವಷ್ಟರಲ್ಲಿ ಎದುರಿನವನು ಗೋಲು ಹೊಡೆದು ಮನೆಗೆ ಹೋಗಿ ಗಂಜಿ ಉಂಡು ಬರಬಹುದು. ಗೋಲ್‌ಕೀಪರ್ ಹೊಸ ಪೋರ. ಕೋಚೂ ಹೊಸಬ, ಕೊಂಕಣಿಯೂ ಬಾರದ ಹಿಂದಿಯೂ ಬಾರದ ಪೋರ್ಚುಗಲ್ಲಿನವನು, ಅವನು ಕೈ ಬೀಸಿ ಹೇಳಿದ್ದು ಹುಡುಗರಿಗೆ ಅರ್ಥವಾಗುವಷ್ಟರಲ್ಲಿ ಲೀಗೇ ಮುಗಿದಿರುತ್ತದೆ. ಇಂಥ ತಂಡ ಮೊದಲ ಆರರೊಳಗೆ ಬರುವುದುಂಟೆ? ಬಿಡಿ, ಆಗದ ಮಾತು. ಹಾಗೆಂದುಕೊಂಡಾಗಲೆಲ್ಲ ಎದೆಯಲ್ಲಿ ಕಟ್ಟಿಕೊಂಡದ್ದು ಸ್ವಲ್ಪ ಸಡಿಲವಾಗಿ ಉಸಿರು ಬರುತ್ತಿತ್ತು. ತನ್ನ ತಂಡ ಸೋಲಲಿ ಎಂದು ಹೀಗೆ ಬೇಡಿಕೊಳ್ಳುವ ಅಭಿಮಾನಿ ಭಟ್ಕಳದಿಂದ ಮಡಗಾಂವ್‌ವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಅದೂ ಮೀಸೆ ಬರುವ ಮೊದಲಿನಿಂದ ಪ್ಯಾಸೆಂಜರ್ ಗಾಡಿ ಹಿಡಿದು ಗೋವೆಗೆ ಹೋಗಿ, ಕೆಂಪು ಜೆರ್ಸಿ ತೊಟ್ಟು, ಗಂಟಲು ಹರಿದುಕೊಂಡು ಬಂದವನು.

ಆಗಸ್ಟ್ ಬಂತೆಂದರೆ ಬೋಟುಗಳು ಕಡಲಿಗಿಳಿಯುತ್ತವೆ, ಕಾಸರಕೋಡಿನ ಐಸ್ ಪ್ಲಾಂಟಿಗೆ ಭಾನುವಾರವೂ ರಜೆಯಿಲ್ಲ. ಬೋಟಿನವರಿಗೆ ಚೀಟಿ ಬರೆದುಕೊಡುವ ಮೇಜಿನ ಹಿಂದೆ ಕೂತು ಅವನು ಐಸಿನ ಡಬ್ಬಿಗಳನ್ನು ಮಗುಚುವುದನ್ನು ನೋಡುತ್ತಿದ್ದ. ಉಪ್ಪುನೀರಿನ ತೊಟ್ಟಿಯಿಂದ ಮೇಲೆತ್ತಿದ ಡಬ್ಬಿಯನ್ನು ಓರೆ ಮಾಡಿದ ಕೂಡಲೇ ಐಸಿನ ದಿಮ್ಮಿ ಸುಯ್ಯೆಂದು ಹಲಗೆಯ ಮೇಲೆ ಜಾರಿ ಒಂದು ಬದಿಗೆ ವಾಲುತ್ತದೆ. ಎಡಕ್ಕೆ. ಮತ್ತೊಂದು, ಅದೂ ಎಡಕ್ಕೆ. ಮುಂದಿನದು ಬಲಕ್ಕೆ ಬಿದ್ದು ಅಂಚು ಒಡೆಯಿತು. ಈಚೆಗೆ ಅವನಿಗೆ ಇದೊಂದು ರೋಗ ಹತ್ತಿಕೊಂಡಿತ್ತು, ಎಂತ ಬಿದ್ದರೂ ಯಾವ ಬದಿಗೆ ಬಿತ್ತು ಎಂದು ನೋಡುವುದು. ಮಗಳ ಕೈಯಿಂದ ಪೆನ್ಸಿಲ್ ಬಿದ್ದರೆ, ಅಂಗಳಕ್ಕೆ ತೆಂಗಿನ ಗರಿ ಬಿದ್ದರೆ, ಬಸ್ಸಿನಲ್ಲಿ ತೂಕಡಿಸುವವನ ತಲೆ ವಾಲಿದರೆ, ಎಲ್ಲ ನೋಡಬೇಕು. "ದಿವಾಕರಣ್ಣ, ಚೀಟಿ ಕೊಡ್ತ್ರಾ, ಐಸು ಕರಗಿ ನೀರಾಗೂ ತನಕ ನೋಡ್ತೇ ಕೂರ್ತ್ರಾ?" ಎಂದು ಬೋಟಿನವನೊಬ್ಬ ಕೂಗಿದಾಗ ಎಲ್ಲರೂ ನಕ್ಕರು. ಅವನೂ ಹಲ್ಲು ಕಿರಿದು ಚೀಟಿ ಹರಿದುಕೊಟ್ಟ.

ದೇವಿಯ ಗುಡಿಯಲ್ಲಿ ಅವತ್ತೂ ಬಲಕ್ಕೇ ಬಿದ್ದಿತ್ತು. ದಿವಾಕರನ ಅಮ್ಮ ಸಣ್ಣಮ್ಮನ ತವರು ಹಿರೇಗುತ್ತಿ. ಅಲ್ಲಿಯ ಗುಡ್ಡದ ಮೇಲಿನ ದೇವಿಯ ಹತ್ತಿರ ಪ್ರಸಾದ ಕೇಳದೆ ಆ ಮನೆಯವರು ಬಾವಿ ತೋಡಿದ್ದಿಲ್ಲ, ಹೆಣ್ಣು ಕೊಟ್ಟಿದ್ದಿಲ್ಲ. ಭಟ್ಟರು ಕೇಪಳ ಹೂವಿನ ಒದ್ದೆ ಎಸಳುಗಳನ್ನು ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಂದವರು ಕೈಮುಗಿದು, ಕೇಳಬೇಕಾದ್ದನ್ನು ಬಾಯಿಬಿಡದೆ ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯ ಎಸಳು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹೃದಯದ ವಾಲ್ವು ಬದಲಿಸಬೇಕು, ಬದಲಿಸಿದರೆ ಚೆನ್ನಾಗಿ ಬದುಕಬಹುದು, ಆದರೆ ಈ ವಯಸ್ಸಿಗೆ ಈ ಸಕ್ಕರೆ ಕಾಯಿಲೆಗೆ ಟೇಬಲ್ಲಿನ ಮೇಲೇ ಹೋಗಿಬಿಡುವವರೂ ಇದ್ದಾರೆ, ನೀವೇ ನಿರ್ಧಾರ ಮಾಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದಾಗ ಅಮ್ಮ, "ದೇವಿ ಬಲ ಕೊಟ್ರೆ ಹೋಗ್ವಾ. ಇಲ್ದಿದ್ರೆ ನನ್ನ ನನ್ನಷ್ಟಕ್ಕೆ ಬಿಟ್ಬಿಡಿ" ಎಂದಳು. ಗುಡ್ಡದ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಹೊರಗಿನ ಜಗಲಿಯ ಮೇಲೆ ಕುಸಿದು ಕೂತು, "ನೀ ಒಳಗೆ ಹೋಗಿ ಕೇಳಾ ತಮ್ಮಾ, ನೀ ಕೇಳಿದ್ರೆ ನಾ ಕೇಳಿದ್ಹಂಗೇ" ಎಂದು ಅವನನ್ನು ದೂಡಿದಳು. ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ದಿವಾಕರ ದೇವಿಯ ಮುಂದೆ ನಿಂತ. ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಮ್ಯಾಚಿನ ಗೆಳೆಯ, ಭಟ್ಕಳದ ಇರ್ಷಾದನೇ ಇರಬೇಕು, ಫ್ರೆನ್ಸನ್ ಉಳಿದನೋ ಹೋದನೋ ಎಂಬ ಸುದ್ದಿ ಅವತ್ತು ಬರುವುದಿತ್ತು. "ಹ್ಞೂಂ, ಕೇಳ್ಕೊಳ್ಳಿ" ಎಂದರು ಭಟ್ಟರು. ಅವನು ಕಣ್ಣು ಮುಚ್ಚಿದ. ಅಮ್ಮನ ಮುಖ ಬರಬೇಕಾದಲ್ಲಿ ಹಸಿರು ಮೈದಾನ ಬಂತು. ಫ್ರೆನ್ಸನ್ ಹೋದ ಅಂದರೆ ನಮ್ಮವರು ಈ ಸಲ ಆರರೊಳಗೆ ಬರುತ್ತಾರಾ? ಅಷ್ಟೇ. ಆ ಮಾತು ಮನಸ್ಸಿನಲ್ಲಿ ಮೂಡಿ ಮುಗಿಯಿತೋ ಇಲ್ಲವೋ, ಪಕ್ಕದಲ್ಲಿ ನಿಂತ ಹೆಂಗಸು "ಬಿತ್ತು, ಬಿತ್ತು!" ಎಂದಳು.

ಕಣ್ಣು ಬಿಟ್ಟಾಗ ದೇವಿಯ ಬಲಭುಜ ಖಾಲಿ. ಅಯ್ಯೋ, ನಾನಿನ್ನೂ ಕೇಳಲೇ ಇಲ್ಲವಲ್ಲ! "ಭಟ್ರೇ, ಇನ್ನೊಂದ್ಸಲ..." ಎಂದು ತೊದಲಿದ. "ಬಲ ಕೊಟ್ಟ ಮೇಲೆ ಇನ್ನೊಂದ್ಸಲ ಎಂತದು ಮಾರಾಯ್ರೇ? ಕೊಟ್ಟವಳನ್ನೇ ಪರೀಕ್ಷೆ ಮಾಡ್ತ್ರಾ?" ಭಟ್ಟರು ಎಸಳನ್ನು ಅವನ ಬೊಗಸೆಗೆ ಹಾಕಿ ಹಿಂದಿನವರನ್ನು ಕರೆದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೊರಗೆ ಅಮ್ಮ ಕತ್ತು ಉದ್ದ ಮಾಡಿ ಕಾಯುತ್ತಿದ್ದಳು. ಬಿತ್ತಾ? ಬಿತ್ತು. ಯಾವ ಬದಿಗೆ? ಬಲಕ್ಕೆ. ಒಂದೂ ಸುಳ್ಳಲ್ಲ, ಆಡಿದ ಒಂದು ಮಾತೂ ಸುಳ್ಳಲ್ಲ, ಅದನ್ನು ನೆನೆದರೇ ಮೈ ಉರಿಯುತ್ತದೆ. ಅವಳು ಎಸಳನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಇಳಿಯುವಾಗ ಅವನ ತೋಳು ಕೂಡ ಹಿಡಿಯಲಿಲ್ಲ. ಅಂದಿನಿಂದ ಮಾತ್ರೆಗಳನ್ನು ಹೇಳಿಸಿಕೊಳ್ಳದೆ ನುಂಗಿದಳು, ನೆಂಟರಿಗೆಲ್ಲ ತಾನೇ ಫೋನು ಮಾಡಿದಳು. ಮಾತಾಡುವಾಗ, ಟೀವಿ ನೋಡುವಾಗ, ಅವಳ ಬೆರಳು ಆ ಗಂಟನ್ನು ಹುಡುಕಿ ಹೋಗಿ ಸವರುತ್ತಿತ್ತು. ಅವನು ಬೇರೆ ಕಡೆ ನೋಡುತ್ತಿದ್ದ. ಹೆಂಡತಿ ರಂಜಿತಾ ಕೇರಿಗೆಲ್ಲ ಹೇಳಿ ಮುಗಿಸಿದ್ದಳು. "ಇವ್ರು ಕಣ್ಣು ಮುಚ್ಚೂದೇ ತಡ, ಬಿತ್ತಂತೆ ಮಾರಾಯ್ತಿ! ಬೇರೇವ್ರು ತಾಸುಗಟ್ಲೆ ಕಾಯ್ತಾರೆ." ಪಕ್ಕದ ಮನೆಯ ದೇವಿಯಕ್ಕ ಬಂದು, ಮಗಳ ಸಂಬಂಧದ್ದೂ ಒಂದು ಕೇಳಿಕೊಡಾ ದಿವಾಕರಾ, ನಿನ್ನ ಕೈಗುಣ ಒಳ್ಳೇದದೆ ಎಂದಾಗ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದ.

ಆ ಎಸಳು ಯಾರದು? ಬೇರೆ ಯಾವ ಯೋಚನೆಯೂ ಈಗ ಅವನಿಗೆ ಉಳಿದಿರಲಿಲ್ಲ. ರೇಂಜರ್ಸ್ ಆರರೊಳಗೆ ಬಂದರೆ, ದೇವಿ ತಾನು ಕೇಳಿದ್ದಕ್ಕೆ ಉತ್ತರ ಕೊಟ್ಟಳು ಎಂದಾಯಿತು, ಅಮ್ಮನ ಬಗ್ಗೆ ಅವಳು ಏನೂ ಹೇಳಲೇ ಇಲ್ಲ ಎಂದಾಯಿತು. ಬಾರದೆ ಹೋದರೆ? ದೇವಿಯ ಮಾತು ಸುಳ್ಳಾಗುವುದಿಲ್ಲವಲ್ಲ. ಹಾಗಾದರೆ ಅವಳು ಈ ದಡ್ಡನ ಪ್ರಶ್ನೆಯನ್ನು ಬದಿಗೆ ಸರಿಸಿ, ಹೊರಗೆ ಜಗಲಿಯ ಮೇಲೆ ಏದುಸಿರು ಬಿಡುತ್ತ ಕೂತವಳಿಗೇ ಬಲ ಕೊಟ್ಟಳು ಎಂದರ್ಥ. ಲೀಗು ಮುಗಿಯುವುದು ಬೇಸಿಗೆಗೆ, ಆಪರೇಶನ್ ನಾಡಿದ್ದು. ಅಲ್ಲಿಯವರೆಗೆ ಹಿಡಿದುಕೊಳ್ಳಲು ಅವನಿಗಿದ್ದದ್ದು ತನ್ನ ಲೆಕ್ಕಾಚಾರ ಒಂದೇ. ಬಾಯಿಬಿಟ್ಟು ಹೇಳಿದರೆ ಅಮ್ಮ ಮಂಗಳೂರಿನ ಹಾದಿಯನ್ನೇ ತುಳಿಯಲಿಕ್ಕಿಲ್ಲ, ನೀಲಿ ತುಟಿಯಲ್ಲಿ ಇಲ್ಲೇ ಕೂತು ಮುಗಿದುಹೋದಾಳು. ಹೇಳದಿದ್ದರೆ ಇಲ್ಲದ ಒಪ್ಪಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಟೇಬಲ್ಲಿನ ಮೇಲೆ ಮಲಗುತ್ತಾಳೆ. ನಡುವೆ ಒಂದು ದಿನ, ಮತ್ತೊಮ್ಮೆ ಕೇಳಿಯೇಬಿಡುವ ಎಂದು ಯಾರಿಗೂ ಹೇಳದೆ ಹೊರಟವನು ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಿಂತ. ಹಿರೇಗುತ್ತಿ ಕಡೆಯ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ಎಡಕ್ಕೆ ಬಿದ್ದರೆ ಯಾವ ಬಾಯಲ್ಲಿ ಮನೆಗೆ ಹೋಗಲಿ? ಕ್ಯಾಂಟೀನಿನಲ್ಲಿ ಬನ್ಸ್ ತರಿಸಿದ, ಅರ್ಧ ತಿಂದ, ಹೊನ್ನಾವರದ ಬಸ್ಸು ಹತ್ತಿ ವಾಪಸು ಬಂದ.

ಮನಸ್ಸು ಕೈಕೊಟ್ಟದ್ದು ಅವತ್ತು ದೇವಿಯ ಮುಂದೆಯೇ ಮೊದಲ ಸಲವೇ? ಅಲ್ಲ. ಮಂಗಳೂರಿನ ಆಸ್ಪತ್ರೆಗೆ ಮೊದಲ ಸಲ ಹೋದಾಗ ಅವಸರದಲ್ಲಿ ಕೈಗೆ ಸಿಕ್ಕಿದ್ದು ಹಾಕಿಕೊಂಡು ಹೋಗಿದ್ದ, ಅದು ರೇಂಜರ್ಸ್ ಜೆರ್ಸಿ. ವರಾಂಡದಲ್ಲಿ ಪಕ್ಕದಲ್ಲಿ ಕೂತಿದ್ದ ಕೇರಳದವನೊಬ್ಬ ಅದನ್ನು ನೋಡಿ, ನಿಮ್ಮ ಡಿಫೆನ್ಸ್ ತೂತು ಮಡಕೆ ಎಂದು ಛೇಡಿಸಿದ. ಸರಿ, ಶುರುವಾಯಿತು. ದಿವಾಕರ ಎದ್ದು ನಿಂತು ಕೈಕಾಲು ಬೀಸಿ ಹೋದ ವರ್ಷದ ಸೆಮಿಫೈನಲ್ಲನ್ನು ಅಲ್ಲೇ ಆಡಿ ತೋರಿಸುತ್ತಿರುವಾಗ ನರ್ಸು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು, "ಸಣ್ಣಮ್ಮನ ಕಡೆಯವರು ಯಾರು? ಸಣ್ಣಮ್ಮನ ಕಡೆಯವರು ಯಾರೂ ಇಲ್ವಾ?" ಗಾಲಿಕುರ್ಚಿಯಲ್ಲಿ ಕೂತ ಅಮ್ಮನೇ ಬೆರಳು ಮಾಡಿ ತೋರಿಸಿದಳು. "ಅಲ್ಲಿ ಕೆಂಪಂಗಿ ಹಾಕ್ಕಂಡು ಕುಣೀತಿದ್ದಾನಲ್ಲ, ಅವ್ನೇ." ಇಡೀ ವರಾಂಡ ನಕ್ಕಿತು. ಅಮ್ಮನೂ ನಕ್ಕಳು, ನಗುವಾಗ ಕೆಮ್ಮು ಬಂತು.

ಮಧ್ಯಾಹ್ನ ಪ್ಲಾಂಟಿನಿಂದ ಹೊರಟು ಪಾಂಡುವಿನ ಕ್ಯಾಂಟೀನಿಗೆ ಹೋಗಲೇಬೇಕಾಯಿತು. ಲೀಗು ಶುರುವಾಗುವ ಮೊದಲು ಒಂದು ಭಾನುವಾರ ಅಲ್ಲಿ ಕೂತು ದಿವಾಕರ ತಂಡದ ಜಾತಕ ಹೇಳುವುದು ಪ್ರತಿ ವರ್ಷದ ರೂಢಿ. ಅವನು ಹೇಳಿದ್ದು ತಪ್ಪಿದ್ದು ಕಡಿಮೆ, ಅದಕ್ಕೇ ಅಲ್ಲಿಯ ಗೆಳೆಯರೆಲ್ಲ ಅವನನ್ನು ಜೋಯ್ಸರು ಎಂದು ಕರೆಯುವುದು. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಇರ್ಷಾದ್ ಆಗಲೇ ಬೈಕಿನಲ್ಲಿ ಬಂದು ಕೂತಿದ್ದ. ದಿವಾಕರನನ್ನು ಕಂಡವನೇ ಒಂದು ಪೊಟ್ಟಣ ಕೈಗಿಟ್ಟ. "ಖರ್ಜೂರ, ಅಮ್ಮಂಗೆ. ನಮ್ಮ ಮನೇಲಿ ಎಲ್ಲ ದುವಾ ಮಾಡ್ತಿದ್ದಾರೆ ಮಾರಾಯ. ಎಂತ ಆಗೂದಿಲ್ಲ, ಹೆದರ್ಬೇಡ. ನಿಮ್ಮ ದೇವಿನೂ ಹೂ ಕೊಟ್ಟಳಂತಲ್ಲ?" ಅವನಿಗೂ ಗೊತ್ತು. ಭಟ್ಕಳದವರೆಗೂ ಹೋಗಿದೆ ಸುದ್ದಿ. ದಿವಾಕರ ಹ್ಞೂಂಗುಟ್ಟಿ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಹೇಳಿ ಜೋಯ್ಸ್ರೇ" ಪಾಂಡು ಚಾ ತಂದಿಟ್ಟು ಟೀವಿ ಹಚ್ಚಿದ. "ಈ ಸಲ ಗ್ರಹಗತಿ ಹ್ಯಾಂಗದೆ?"

"ಬರೂದಿಲ್ಲ" ಎಂದ ದಿವಾಕರ, ಜಪವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಫ್ರೆನ್ಸನ್, ಮಾರಿಯೋನ ಮಂಡಿ, ಹೊಸ ಕೀಪರು, ಕೈ ಬೀಸುವ ಕೋಚು.

"ಅಯ್ಯ, ಫ್ರೆನ್ಸನ್ ಹೋಗಿದ್ದೇ ಒಳ್ಳೇದಾಯ್ತು" ಎಂದ ಇರ್ಷಾದ್. "ಎಲ್ಲಾ ಬಾಲೂ ಅವ್ನ ಕಾಲಿಗೇ ಕೊಡ್ಬೇಕಿತ್ತು, ದೇವರಿಗೆ ನೈವೇದ್ಯ ಕೊಟ್ಟಂಗೆ. ಈಗ ನೋಡು ನೀನೇ."

ನೌಕಾಪಡೆಯ ತಂಡದ ಜೊತೆ ಅಭ್ಯಾಸ ಪಂದ್ಯ, ಟೀವಿಯಲ್ಲಿ ನೇರ ಪ್ರಸಾರ. ದಿವಾಕರ ನೋಡುವುದಿಲ್ಲ ಎಂದುಕೊಂಡು ನೋಡಿದ. ಅಷ್ಟೊತ್ತಿಗೆ ಕಾಣಕೋಣದ ಹುಡುಗ ಜಾಯ್ಸನ್ ಎಡಗಡೆಯಿಂದ ಬಾಲು ತೆಗೆದುಕೊಂಡು ಹೊರಟಿದ್ದ. ಈ ಹುಡುಗನನ್ನು ಹೋದ ವರ್ಷ ಬದಲಿ ಆಟಗಾರನಾಗಿ ಇಳಿಸಿದಾಗ ಮೊದಲು ಗುರುತಿಸಿದವಳು ಅಮ್ಮ. ಸಂಜೆ ಹೊತ್ತು ದಿವಾಕರನ ಪಕ್ಕದಲ್ಲಿ ಕೂತು ಹುರುಳಿ ಆರಿಸುತ್ತ ಮ್ಯಾಚು ನೋಡುವುದು ಅವಳಿಗೂ ಅಭ್ಯಾಸವಾಗಿತ್ತು. ಆಫ್‌ಸೈಡು ಗೀಫ್‌ಸೈಡು ತಿಳಿಯದು, ಆದರೆ ಓಡುವವನ ಕಾಲು ನೋಡಿ ಹೇಳುತ್ತಿದ್ದಳು. "ಆ ಪೋರ ನೋಡಾ, ಗದ್ದೆ ಅಂಚಿನ ಮೇಲೆ ಓಡ್ದಂಗೆ ಓಡ್ತಾನೆ, ಬೀಳೂದಿಲ್ಲ." ಹುಡುಗ ಈಗಲೂ ಬೀಳಲಿಲ್ಲ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಗೋಲು. ಕ್ಯಾಂಟೀನು ಹೋ ಎಂದಿತು. ಹಾಳಾಗಿ ಹೋಗಲಿ, ಎಂಥ ಚಂದದ ಗೋಲು! ದಿವಾಕರನ ಕಾಲು ಅವನನ್ನು ಕೇಳದೆ ಎದ್ದು ನಿಂತುಬಿಟ್ಟಿತ್ತು. ಕೂತುಕೊಂಡ. ಆಮೇಲಿನದೆಲ್ಲ ಅವನಿಗೆ ಶಿಕ್ಷೆಯ ಹಾಗೆ ನಡೆಯಿತು. ಆ ಕೋಚು ಕೈ ಬೀಸಿದ ಕಡೆಗೆ ಹುಡುಗರೆಲ್ಲ ಓಡುತ್ತಿದ್ದರು, ಮಾರಿಯೋನನ್ನು ಹಿಂದೆ ಓಡಿಸದ ಹಾಗೆ ಸಾಲು ಹಿಡಿದು ನಿಲ್ಲಿಸಿದ್ದ, ಹೊಸ ಕೀಪರ್ ಹಾರಿ ಹಿಡಿಯುತ್ತಿದ್ದ. ಇಷ್ಟು ವರ್ಷ ನೋಡಿ ನೋಡಿ ಪಳಗಿದ ಕಣ್ಣು, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತಾರೆ ಎಂದಿತು ಅದು. ಆರರೊಳಗೆ ಏನು, ಮೊದಲ ಮೂರರೊಳಗೇ ಬರುತ್ತಾರೆ. ಕೊನೆಗೆ ಪೆನಾಲ್ಟಿ ಸಿಕ್ಕಿತು. ಜಾಯ್ಸನ್ ಬಾಲು ಇಟ್ಟು ಹಿಂದೆ ಸರಿದ. ಎಡಕ್ಕೆ ಹೊಡೆಯೋ, ಎಡಕ್ಕೆ ಹೊಡೆಯೋ ಎಂದು ದಿವಾಕರ ಮೇಜಿನ ಅಂಚು ಹಿಡಿದುಕೊಂಡ. ಹುಡುಗ ಬಲಕ್ಕೆ ಹೊಡೆದ.

"ಈಗ್ಲಾದ್ರೂ ಒಪ್ಕೋ!" ಇರ್ಷಾದ್ ಅವನ ಬೆನ್ನಿಗೆ ಗುದ್ದಿದ. "ಬಂದೇ ಬರ್ತಾರೆ. ಬರೆದಿಟ್ಕೋ!"

"ಬರೂದಿಲ್ಲ ಅಂದ್ನಲ್ಲ!" ದಿವಾಕರ ಎದ್ದ ಹೊಡೆತಕ್ಕೆ ಚಾ ಚೆಲ್ಲಿ ಖರ್ಜೂರದ ಪೊಟ್ಟಣ ಒದ್ದೆಯಾಯಿತು. "ನಿಂಗೆಂತ ಗೊತ್ತದೆ ಫುಟ್‌ಬಾಲು? ಬಟ್ಟೆ ಅಳೀತಾ ಕೂರೂ ಮಂಡೆಗೆ ಎಂತ ತಿಳೀತದೆ? ಹಾಳು ಟೀಮು, ದರಿದ್ರ ಟೀಮು, ಮಣ್ಣು ತಿಂದು ಹೋಗ್ತಾರೆ ನೋಡ್ತಿರು!" ಕೈ ಚಾಚಿ ಟೀವಿ ಆರಿಸಿಬಿಟ್ಟ. ತನ್ನ ಧ್ವನಿ ತನಗೇ ಕೇಳಿ ಹೇಸಿಗೆಯಾಯಿತು. ಇರ್ಷಾದನ ಮುಖ ಮೊದಲು ಕೆಂಪಾಗಿ, ಆಮೇಲೆ ಮೆತ್ತಗಾಯಿತು. ಅವನು ಪೊಟ್ಟಣವನ್ನು ಕರವಸ್ತ್ರದಿಂದ ಒರೆಸಿ ದಿವಾಕರನ ಕೈಗೆ ಕೊಟ್ಟ. "ಅಮ್ಮನ ಚಿಂತೆ" ಎಂದು ಪಾಂಡುವಿನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದ. "ಬಿಡು, ಎಂತ ಹೇಳ್ಬೇಡ ಅವನಿಗೆ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮನ ಮೇಲೆ ಜೀವ ಇಟ್ಟುಕೊಂಡ ಮಗ ಎಂದು ತಿಳಿದು ಕ್ಷಮಿಸಿದ್ದನ್ನು ಮಾತ್ರ ಅವನಿಂದ ನುಂಗಲಾಗಲಿಲ್ಲ.

ಶರಾವತಿಯ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿ ಸುಮ್ಮನೆ ನೀರು ನೋಡಿದ. ಹೊಳೆ ಕೆಂಪಗೆ ತುಂಬಿ ಕಡಲಿಗೆ ನುಗ್ಗುತ್ತಿತ್ತು. ನಾಳೆ ಬೆಳಿಗ್ಗೆ ಇದೇ ಹೊಳೆಯ ಮೇಲೆ ರೈಲು ಹೋಗುತ್ತದೆ, ಅಮ್ಮ ಕಿಟಕಿಯಿಂದ ಕೈಮುಗಿಯುತ್ತಾಳೆ. ಎರಡು ಗೋಲಿಗೆ ಇಷ್ಟೆಲ್ಲ ಏಕೆ, ಅಭ್ಯಾಸ ಪಂದ್ಯ, ಅದಕ್ಕೆ ಬೆಲೆಯಿಲ್ಲ ಎಂದು ಮತ್ತೆ ಜಪ ಶುರುಮಾಡಿದ. ಮಾರಿಯೋನ 'ಮಂ' ಎನ್ನುವಷ್ಟರಲ್ಲಿ ಆ ಹುಡುಗ ಓಡಿದ್ದು ಕಣ್ಣಿಗೆ ಬಂತು. ಮುಂದೆ ಹೋಗಲಿಲ್ಲ ಜಪ.

ಮನೆಯಲ್ಲಿ ಅಮ್ಮ ಹೊರಜಗಲಿಯಲ್ಲಿ ಕೂತು ಚೀಲಕ್ಕೆ ಸೀರೆ ತುಂಬುತ್ತಿದ್ದಳು. ರಂಜಿತಾ ಒಳಗೆ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಅವನು ಖರ್ಜೂರದ ಪೊಟ್ಟಣ ಅಮ್ಮನ ಪಕ್ಕ ಇಟ್ಟು, ಇರ್ಷಾದ್ ಕೊಟ್ಟದ್ದು ಎಂದ.

"ಒಳ್ಳೇ ಮನುಷ್ಯ. ಮ್ಯಾಚು ಎಂತ ಆತಾ?"

"ಗೆದ್ರು."

"ನಮ್ಮ ಗದ್ದೆ ಅಂಚಿನ ಪೋರ?"

"ಎರಡು ಗೋಲು ಹೊಡ್ದ."

"ನಾ ಹೇಳಿರ್ಲಿಲ್ವಾ!" ಅವಳ ಮುಖ ಅರಳಿತು. ಬೆರಳು ಸೆರಗಿನ ಗಂಟಿಗೆ ಹೋಯಿತು. "ಹಂಗಾರೆ ಈ ಸಲ ಬರ್ತಾರೆ. ಆ ದಿನ ದೇವಿ ಹತ್ರ ನಿಮ್ಮ ಟೀಮಿಂದೂ ಒಂದ್ಮಾತು ಕೇಳ್ಬೇಕಾಗಿತ್ತು ನೀನು. ಅವಳ ಮನಸ್ಸು ಒಳ್ಳೇದಿತ್ತು ಆ ದಿನ, ಕೇಳಿದ ಕೂಡ್ಲೇ ಕೊಟ್ಟಳು."

"ಬರೂದಿಲ್ಲಮ್ಮ ಅವ್ರು."

"ಗೆದ್ರು ಅಂತೀಯ, ಬರೂದಿಲ್ಲ ಅಂತೀಯ, ಎಂತದಾ ನಿಂದು?"

"ಬರೂದಿಲ್ಲ. ಬರಬಾರ್ದು."

ಮಡಚುತ್ತಿದ್ದ ಸೀರೆ ಅಮ್ಮನ ಕೈಯಲ್ಲೇ ನಿಂತಿತು. ತಲೆಯೆತ್ತಿ ನೋಡಿದಳು. ಸಣ್ಣವನಿದ್ದಾಗ ಬೆಲ್ಲದ ಡಬ್ಬಿ ಮುಟ್ಟಿ ಬಂದವನನ್ನು ಹೀಗೇ ನೋಡುತ್ತಿದ್ದಳು, ಬೈಯುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು, ಅವಳಿಗೆ ಗೊತ್ತಾಯಿತೆಂದು.

"ಆ ದಿನ ಒಳಗೆ ನೀ ಎಂತ ಕೇಳಿದ್ಯಾ ತಮ್ಮಾ?"

ರೊಟ್ಟಿ ತಟ್ಟುವ ಸದ್ದು ನಿಂತು ಮತ್ತೆ ಶುರುವಾಯಿತು. ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಇಷ್ಟು ದೊಡ್ಡ ಗಂಡಸಿಗೆ. ಅವಳಿಗೆ ಅಷ್ಟು ಸಾಕಾಯಿತು. ಬೈಯಲಿಲ್ಲ, ಅಳಲಿಲ್ಲ. ಸೆರಗಿನ ತುದಿಯನ್ನು ಮಡಿಲಿಗೆ ಎಳೆದುಕೊಂಡು ಗಂಟು ಬಿಚ್ಚಲು ಕೂತಳು. ಬಿಗಿಯಾಗಿ ಹಾಕಿದ್ದ ಗಂಟು, ಉಗುರಿಗೆ ಸಿಗಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಣಗಿ ಕಪ್ಪಾದ ಎಸಳನ್ನು ಅವನ ಅಂಗೈಗೆ ಇಟ್ಟಳು.

"ಹಂಗಾರೆ ಇದು ನಿಂದು."

"ಅಮ್ಮಾ, ಬೇಡ. ಮತ್ತೆ ಹೋಗಿ ಕೇಳ್ವಾ. ನಿನ್ನ ಎತ್ಕಂಡು ಹೋಗ್ತೆ, ನೀನೇ ಕೇಳು. ನಾಳೆ ಗಾಡಿ ಬೇಡ."

"ಒಮ್ಮೆ ಕೇಳಿ ಆತು. ನನ್ನ ಪಾಳಿ ಬಂದಿತ್ತು, ಹೋತು. ಹೊರಟದ್ದಾತು, ಬಲ ಇಲ್ದೇನೇ ಹೋಗ್ವಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬರಬಾರ್ದು ಅಂತ ಮಾತ್ರ ಅನ್ಬೇಡ. ಬಾಯಲ್ಲಿ ಅಂಥ ಮಾತು ತರಬಾರ್ದು. ಅವಳು ಬಲ ಕೊಟ್ಟಿದ್ದಾಳೆ, ಬರ್ತಾರೆ. ಅವಳ ಮಾತು ಸುಳ್ಳಾಗೂದಿಲ್ಲ."

ಅವನು ಮುಷ್ಟಿ ಮುಚ್ಚಿದ. ಎಸಳು ಪುಡಿಯಾದದ್ದು ಅಂಗೈಗೆ ತಿಳಿಯಿತು. ಅಮ್ಮ ಅರ್ಧ ಮಡಚಿದ ಸೀರೆಯನ್ನು ಪೂರ್ತಿ ಮಡಚಿ ಚೀಲಕ್ಕೆ ಹಾಕಿದಳು, ಖರ್ಜೂರದ ಪೊಟ್ಟಣವನ್ನು ಅದರ ಮೇಲಿಟ್ಟಳು, ಜಿಪ್ಪು ಎಳೆದಳು.

"ರಂಜಿತಾ" ಎಂದು ಒಳಗೆ ಕೂಗಿದಳು, "ನಾಳೆ ಗಾಡಿಗೆ ಎಷ್ಟೊತ್ತಿಗೆ ಹೊರಡ್ಬೇಕೇ?"

ಕೂಗುವಾಗ ಅವಳ ಬೆರಳು ಸೆರಗಿನ ತುದಿ ಹುಡುಕಿ ಹೋಯಿತು. ಅಲ್ಲಿ ಗಂಟಿರಲಿಲ್ಲ. ಬೆರಳು ಬಟ್ಟೆಯನ್ನು ಅತ್ತ ಇತ್ತ ಸವರಿ, ಸ್ವಲ್ಪ ಹೊತ್ತು ಹಾಗೇ ಹುಡುಕುತ್ತಿತ್ತು.